ಕಲಂ ನಾಲ್ಕು ಮತ್ತು ನಮ್ಮ ಕ್ರಾಸಿನ ಸಮಿತಿ

ವಿಧಾನಸೌಧದಲ್ಲಿ ಒಂದು ಮಸೂದೆ ಮಂಡನೆಯಾದರೆ ಸಾಕು, ವಿಜಯನಗರದ ನಮ್ಮ ಕ್ರಾಸಿನಲ್ಲಿ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಕೇಳಿದವರು ನಗುತ್ತಾರೆ. ನನಗೆ ಮೊದಲು ಬರುವುದು ಕೋಪ. ನಗು ಬರಲು ಎರಡು ಮೂರು ದಿನ ಬೇಕು.

ವಿಷಯ ಇಷ್ಟು. ಮದ್ಯದಂಗಡಿಗಳ ಕಾನೂನಿಗೆ ತಿದ್ದುಪಡಿ ತರುವ ಮಸೂದೆಯೊಂದು ಬಂತು. ದೇವಸ್ಥಾನ, ಶಾಲೆಗಳಿಂದ ಬಾರ್ ನೂರು ಮೀಟರ್ ದೂರ ಇರಬೇಕೆಂಬ ನಿಯಮ ವಾಣಿಜ್ಯ ರಸ್ತೆಗಳಿಗೆ ಇನ್ನು ಬೇಡ ಅನ್ನುತ್ತಿತ್ತು ಅದರ ಕಲಂ ನಾಲ್ಕು. ನಮ್ಮ ಕ್ರಾಸಿನಲ್ಲಿ ಎರಡು ಝೆರಾಕ್ಸ್ ಅಂಗಡಿ, ಒಂದು ಟೈಲರ್ ಅಂಗಡಿ ಇವೆ. ಹಾಗಾಗಿ ಅದು ವಾಣಿಜ್ಯ ರಸ್ತೆ. ನಮ್ಮ ಮನೆ ಪಕ್ಕದ ಖಾಲಿ ಕಟ್ಟಡಕ್ಕೆ ಬಾರ್ ಮಾಲೀಕರೊಬ್ಬರು ಆಗಲೇ ಕಪ್ಪು ಗಾಜು ಹಾಕಿಸಿದ್ದರು.

ನಮ್ಮ ಮನೆಯ ಕೆಳಗಿನ ಹಾಲ್‌ನಲ್ಲಿ ಅಮ್ಮ ಹಗಲೆಲ್ಲ ಹನ್ನೊಂದು ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವರ ತಾಯಂದಿರು ಗಾರ್ಮೆಂಟ್ಸಿಗೆ, ಆಫೀಸಿಗೆ ಹೋಗುವವರು. "ಬಾರ್ ಬಂದ್ರೆ ಮಗೂನ ಬೇರೆ ಕಡೆ ಬಿಡ್ತೀವಿ ಆಂಟಿ, ತಪ್ಪು ತಿಳೀಬೇಡಿ" ಅಂತ ಮೂವರು ಹೇಳಿಯೂ ಆಗಿತ್ತು. ಇಪ್ಪತ್ತು ವರ್ಷದಿಂದ ಅಮ್ಮನ ಬದುಕು ಆ ಹಾಲ್‌ನಲ್ಲೇ ಇದೆ. ಆದರೆ ಮಕ್ಕಳನ್ನು ನೋಡಿಕೊಳ್ಳುವ ಮನೆಯನ್ನು ಕಾನೂನು ಶಾಲೆ ಅಂತ ಒಪ್ಪುವುದಿಲ್ಲ. ನಮಗೆ ಉಳಿದದ್ದು ಬೀದಿ ತುದಿಯ ಆಂಜನೇಯನ ಗುಡಿ ಒಂದೇ.

ಗುಡಿಯ ಸಮಿತಿಯವರೇ ಸೇರಿ ಮಸೂದೆ ಗಮನಿಸುವ ಸಮಿತಿಯನ್ನೂ ಮಾಡಿದರು. ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಜೊತೆಗೆ ಹಿಟ್ಟಿನ ಗಿರಣಿಯವರು, ಮೂಲೆಮನೆ ಆಂಟಿ, ಮತ್ತೆ ಮೂವರು ತಲೆ ಆಡಿಸುವವರು. ನಾನು ಎಂ.ಎಸ್ಸಿ. ಮುಗಿಸಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ. ಕೊಟ್ಟ ಕಾಗದವನ್ನು ಕೊನೆಯ ಪುಟದವರೆಗೆ ಓದುತ್ತೇನೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಗೆಳತಿಯರು "ಏನೇ ಅಜ್ಜಿ, ಇವತ್ತು ಯಾವ ಭಜನೆ?" ಅನ್ನುತ್ತಾರೆ. ಅನ್ನಲಿ. ಅವರ ಮನೆ ಪಕ್ಕ ಕಪ್ಪು ಗಾಜು ಇಲ್ಲ.

೧. ಮೊದಲ ಜಯ

ನಾನು ಸೇರುವ ಮೊದಲೇ ಅಧ್ಯಕ್ಷರು ಮನೆಮನೆಗೆ ಹೋಗಿ ಸರ್ಕಾರಕ್ಕೆ ಅಂಚೆ ಕಾರ್ಡು ಬರೆಸಿ ಕಳಿಸಿದ್ದರು. 'ಈ ಮಸೂದೆ ನಮ್ಮ ಸಂಸ್ಕೃತಿಗೆ ಮಾರಕ. ಕೂಡಲೇ ಹಿಂಪಡೆಯಿರಿ.' ಕೆಳಗೆ ಮಸೂದೆಯ ಸಂಖ್ಯೆ, ಸಹಿ. ಪಕ್ಕದ ಬಡಾವಣೆ ಆರ್‌ಪಿಸಿ ಲೇಔಟ್‌ನವರೂ ಸಹಿ ಹಾಕಿದ್ದರು.

"ಮಸೂದೆ ಓದಿದೀರಾ ಸಾರ್?" ಅಂತ ಕೇಳಿದೆ.

"ಓದಿದ್ರೆ ಬಿ.ಪಿ. ಏರತ್ತಮ್ಮ. ಮೊದಲು ವಿರೋಧ ಮಾಡೋಣ, ಆಮೇಲೆ ಓದೋಣ."

ಸಂಖ್ಯೆ ಹುಡುಕಿ ನೋಡಿದೆ. ಅದು ಪಶು ಆಹಾರದ ಕಲಬೆರಕೆ ತಡೆಯುವ ಮಸೂದೆ. ನಮ್ಮದು ಅದರ ಮುಂದಿನ ಸಂಖ್ಯೆ. ಹಸುವಿನ ಹಿಂಡಿಗೆ ಮರಳು ಬೆರೆಸಬಾರದು ಅನ್ನುವುದು ನಮ್ಮ ಸಂಸ್ಕೃತಿಗೆ ಮಾರಕ ಅಂತ ಎರಡು ಬಡಾವಣೆಯ ಹಿರಿಯರು ಸಹಿ ಹಾಕಿ ಕಳಿಸಿದ್ದರು.

ತಿಂಗಳ ನಂತರ ಪೇಪರಿನಲ್ಲಿ ಸುದ್ದಿ ಬಂತು: ಸಾರ್ವಜನಿಕರ ತೀವ್ರ ವಿರೋಧ, ಪಶು ಆಹಾರ ಮಸೂದೆ ವಾಪಸ್.

ಗಿರಣಿಯವರ ಹಿತ್ತಲಲ್ಲಿ ಎರಡು ಹಸು ಇವೆ. ಆ ವರ್ಷ ಕೆಟ್ಟ ಹಿಂಡಿ ತಿಂದು ಎರಡಕ್ಕೂ ಹೊಟ್ಟೆ ಕೆಟ್ಟಿತ್ತು. ಅವರು ಸುದ್ದಿಯನ್ನು ಎರಡು ಸಲ ಓದಿ ಪೇಪರ್ ಮಡಿಸಿಟ್ಟರು.

"ನಮಗೆ ಶಕ್ತಿ ಐತೆ ಕಣಮ್ಮ" ಅಂದರು. "ಯಾರಿಗೆ ಒದೀತಾ ಇದೀವಿ ಅನ್ನೋದೊಂದು ಗೊತ್ತಾಗಲ್ಲ."

೨. ಬರಿಗೈಲಿ ಹೋಗಬಾರದು

ಮುಂದಿನ ಹೆಜ್ಜೆ, ಶಾಸಕರೊಬ್ಬರ ಭೇಟಿ. ಯಾರು, ಯಾವ ಕ್ಷೇತ್ರ, ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದರೂ ಕಥೆ ಬದಲಾಗುವುದಿಲ್ಲ.

ಕಲಂ ನಾಲ್ಕರ ಮೇಲೆ ನಾನು ಮೂರು ಪುಟದ ಆಕ್ಷೇಪಣೆ ಸಿದ್ಧ ಮಾಡಿದ್ದೆ. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದು ಅಂತ ಅಧ್ಯಕ್ಷರ ಹಟ. ಒಂದು ತಟ್ಟೆ ಬಂತು. ಅದರಲ್ಲಿ ಸೇಬು, ವೀಳ್ಯದೆಲೆ, ಶಾಲು. ಮೇಲೆ ನನ್ನ ಆಕ್ಷೇಪಣೆ. ಅದರ ನಾಲ್ಕು ಮೂಲೆಗೂ ಅಧ್ಯಕ್ಷರ ಹೆಂಡತಿ ಅರಿಶಿನ ಹಚ್ಚಿದ್ದರು. "ಚೂಡಿದಾರದಲ್ಲಿ ಬಂದ್ರೆ ಯಾರು ಕಣೇ ನಿನ್ನ ಮಾತು ಕೇಳ್ತಾರೆ?" ಅಂತ ಮೂಲೆಮನೆ ಆಂಟಿ ನನಗೆ ರೇಷ್ಮೆ ಸೀರೆ ಉಡಿಸಿದರು.

ಶಾಸಕರ ಪಿ.ಎ. ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಯಾವ ಛತ್ರ?" ಅಂದರು. ನಾವು ಬಾಯಿ ತೆರೆಯುವ ಮೊದಲೇ ಕ್ಯೂ ತಪ್ಪಿಸಿ ಒಳಗೆ ಬಿಟ್ಟರು. ಅಹವಾಲು ಹಿಡಿದು ಬಂದವರು ಬೆಳಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಶಾಸಕರು ಆಕ್ಷೇಪಣೆಯನ್ನು ತೆರೆಯದೆ ಕಣ್ಣಿಗೆ ಒತ್ತಿಕೊಂಡರು. ಪಿ.ಎ. ಅಕ್ಷತೆ ಕೊಟ್ಟರು. ಅದು ನನ್ನ ತಲೆ ಮೇಲೆ ಬಿತ್ತು.

"ಸಾರ್, ಕಲಂ ನಾಲ್ಕು ಕೈಬಿಡಬೇಕು" ಅಂದೆ.

"ಎಲ್ಲಾ ಒಳ್ಳೇದಾಗತ್ತಮ್ಮ. ಹುಡುಗ ಏನ್ ಮಾಡ್ಕೊಂಡಿದಾನೆ?"

ಮೂರು ಪುಟಕ್ಕೆ ನಾಲ್ಕು ಭಾನುವಾರ ಕೂತಿದ್ದೆ. ಸಿಟ್ಟು ನೆತ್ತಿಗೇರಿತು.

"ಬಾರ್ ಇಡ್ತಿದಾನೆ ಸಾರ್."

"ಒಳ್ಳೇ ಸಂಬಂಧ" ಅಂದರು.

೩. ಸದನದ ಶಿಸ್ತು

ಅದೇ ಪಿ.ಎ. ನಮಗೆ ವಿಧಾನಸಭೆಯ ಗ್ಯಾಲರಿಗೆ ಪಾಸ್ ಕೊಡಿಸಿದರು. ಮದುವೆಗೆ ಮೊದಲು ಹುಡುಗಿಗೆ ವಿಧಾನಸೌಧ ನೋಡುವ ಆಸೆ ಇರಬೇಕು ಅಂತ ಅವರು ತಿಳಿದುಕೊಂಡಿದ್ದರು. ನಾನು ತಿದ್ದಲಿಲ್ಲ. ಕಲಂ ನಾಲ್ಕು ಅವತ್ತು ಚರ್ಚೆಗೆ ಬರುವುದಿತ್ತು.

ಬಾಗಿಲಲ್ಲಿ ಮೊಬೈಲ್ ಇಟ್ಟುಕೊಂಡರು. ಆಂಟಿಯ ಚೀಲದಿಂದ ಚಕ್ಕುಲಿ ಡಬ್ಬಿ ತೆಗೆದಿಟ್ಟರು. ಮಾರ್ಷಲ್ ನಿಯಮ ಹೇಳಿದರು: ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮುಂದಿನ ಕಟ್ಟೆಗೆ ಒರಗಬಾರದು. ಅಧ್ಯಕ್ಷರು ಸ್ಕೂಲ್ ಮಕ್ಕಳ ಹಾಗೆ ಕೈ ಕಟ್ಟಿ ಕೂತರು. ಗಿರಣಿಯವರು ಕೆಮ್ಮು ಬಂದರೆ ಟವೆಲ್ ಬಾಯಿಗಿಟ್ಟು ಕೆಮ್ಮಿದರು.

ಕೆಳಗೆ ಗಲಾಟೆ. ಬೇರೆ ಯಾವುದೋ ವಿಷಯಕ್ಕೆ. ಅರ್ಧ ಜನ ಎದ್ದು ಮುಂದೆ ಬಂದಿದ್ದರು. ಒಬ್ಬರು ಕಾಗದ ಹರಿದು ಮೇಲಕ್ಕೆ ಎಸೆಯುತ್ತಿದ್ದರು. ಇನ್ನೊಬ್ಬರು ಕುರ್ಚಿ ಹತ್ತಿ ನಿಂತಿದ್ದರು. ಅದರ ನಡುವೆ ಒಂದು ದನಿ ಮಸೂದೆಯ ಹೆಸರು ಓದಿತು. ಒಂದು ಕಡೆಯಿಂದ "ಹೌದು" ಅಂತ ಕೂಗು. ಮುಗಿಯಿತು. ಅಂಗೀಕಾರ.

ನಾನು ಗಡಿಯಾರ ನೋಡಿಕೊಂಡೆ. ಅಮ್ಮ ಸಾರಿನ ಒಗ್ಗರಣೆಗೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾಳೆ. ಹನ್ನೊಂದು ಮಕ್ಕಳ ಹಾಲ್ ಅಷ್ಟರಲ್ಲಿ ಹೋಯಿತು. ಪುಟ ತಿರುಗಿಸಿದ ಸದ್ದೂ ಕೇಳಲಿಲ್ಲ.

ಆಂಟಿ ಎದ್ದು ನಿಂತರು.

"ರೀ! ಕಲಂ ನಾಲ್ಕು ಓದ್ರೀ! ಓದಿ ಆಮೇಲೆ ಹೌದು ಅನ್ರೀ!"

ಕೆಳಗೆ ಯಾರಿಗೂ ಕೇಳಿಸಲಿಲ್ಲ. ಮಾರ್ಷಲ್‌ಗೆ ಮಾತ್ರ ಕೇಳಿಸಿತು. ಇಬ್ಬರು ಬಂದು ಆಂಟಿಯ ಎರಡೂ ಕಡೆ ನಿಂತರು.

"ಅಮ್ಮಾ, ಸದನದ ಘನತೆಗೆ ಧಕ್ಕೆ ತರ್ತಿದೀರಿ. ಹೊರಗೆ ನಡೀರಿ."

"ನಾನಾ? ಅಲ್ಲಿ ಕುರ್ಚಿ ಹತ್ತಿ ನಿಂತವ್ರಿಗೆ ಹೇಳಪ್ಪ ಮೊದಲು!"

ಮಾರ್ಷಲ್ ಕೆಳಗೆ ನೋಡಿದರು. ಪಾಪ, ಒಳ್ಳೆಯ ಮನುಷ್ಯ. ದನಿ ತಗ್ಗಿಸಿ ಅಂದರು: "ಅವ್ರು ಪಾಸ್ ತಗೊಂಡು ಬಂದವರಲ್ಲಮ್ಮ."

೪. ನೇರ ಗೆರೆ

ಉಳಿದದ್ದು ವಿಧಾನ ಪರಿಷತ್ತು. ಅಲ್ಲಿನ ವಯಸ್ಸಾದ ಸದಸ್ಯೆಯೊಬ್ಬರು ನಮ್ಮ ಆಕ್ಷೇಪಣೆಯ ಮೂರೂ ಪುಟ ಓದಿದರು. ಪೆನ್ಸಿಲ್‌ನಲ್ಲಿ ಗುರುತನ್ನೂ ಹಾಕಿದ್ದರು. ಇಡೀ ಪ್ರಕರಣದಲ್ಲಿ ನನಗೆ ಕೋಪ ಬರದೆ ಇದ್ದದ್ದು ಅದೊಂದು ದಿನ.

"ನೂರು ಮೀಟರ್ ಎಲ್ಲಾ ರಸ್ತೆಗೂ ಇರಲಿ ಅಂತ ತಿದ್ದುಪಡಿ ತರ್ತೀನಿ. ದೂರ ಹೇಗೆ ಅಳೀಬೇಕು ಅಂತ ನೀವೇ ಎರಡು ಸಾಲು ಬರೆದು ಕೊಡಿ" ಅಂದರು.

ಭಾನುವಾರ ಸಮಿತಿ ಸೇರಿತು. ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಇಲ್ಲಿ ಗುಡಿ, ಇಲ್ಲಿ ಬಾರ್. ಎರಡರ ನಡುವೆ ಎಲ್ಲಕ್ಕಿಂತ ಚಿಕ್ಕದು ನೇರ ಗೆರೆ. ರಸ್ತೆ ಹಿಡಿದು ಅಳೆದರೆ ದೂರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ದೂರ ಹೆಚ್ಚಾದರೆ ಲಾಭ ಬಾರ್‌ನವರಿಗೆ. ಆದ್ದರಿಂದ ನೇರ ಗೆರೆ ಅಂತಲೇ ಬರೆಯಬೇಕು.

"ಬೇರೆ ಬೀದಿಗಳಲ್ಲಿ ನಿನ್ನ ನೇರ ಗೆರೆ ನಾಲ್ಕು ಮನೆ ಅಡುಗೆಮನೆ ದಾಟ್ಕೊಂಡು ಹೋಗತ್ತಲ್ಲಮ್ಮ" ಅಂದರು ಅಧ್ಯಕ್ಷರು. "ಜನ ಹಂಗೆ ಹೋಗ್ತಾರಾ? 'ಗುಡಿಯ ಮುಖ್ಯ ದ್ವಾರದಿಂದ, ಜನ ನಡೆಯುವ ದಾರಿಯಲ್ಲಿ' ಅಂತ ಬರಿ."

"ಸಾರ್, ಇದು ರೇಖಾಗಣಿತ. ಇದರಲ್ಲಿ ಅಭಿಪ್ರಾಯಕ್ಕೆ ಜಾಗ ಇಲ್ಲ."

ಆಂಟಿ ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಅಲ್ವೇ, ಕುಡಿದೋನು ಯಾವತ್ತು ಕಣೇ ನೇರ ಗೆರೇಲಿ ನಡೆದಿರೋದು?"

ರೇಖಾಗಣಿತ ಸೋತಿತು. ಅದರ ವಿರುದ್ಧ ಆರು ಮತ. ಅದರ ಪರವಾಗಿ ಬಿದ್ದದ್ದು ಒಂದು.

೫. ದೇವರ ದೃಷ್ಟಿ

ತಿದ್ದುಪಡಿಗೆ ಪರಿಷತ್ತಿನಲ್ಲಿ ಒಪ್ಪಿಗೆ ಸಿಕ್ಕಿತು. ಮಸೂದೆ ಮತ್ತೆ ವಿಧಾನಸಭೆಗೆ ಹೋಗಿ ಬಂದು ಕಾನೂನಾಯಿತು. ನಮ್ಮ ಎರಡು ಸಾಲು ಅಕ್ಷರ ಬದಲಾಗದೆ ಅದರಲ್ಲಿ ಕೂತಿತ್ತು. ಗುಡಿಯ ದಕ್ಷಿಣ ಬಾಗಿಲಿನಿಂದ ಕಪ್ಪು ಗಾಜಿನವರೆಗೆ ನಾನೇ ಟೇಪ್ ಹಿಡಿದು ಅಳೆದೆ. ನಲವತ್ತೆರಡು ಮೀಟರ್. ಗೆದ್ದೆವು ಅಂತ ಅಮ್ಮ ಮಕ್ಕಳಿಗೆಲ್ಲ ಪಾಯಸ ಮಾಡಿದಳು.

ಆಮೇಲೆ ಲ್ಯಾಬಿನವರು ನನ್ನನ್ನು ಒಂದು ವಾರ ಮೈಸೂರಿಗೆ ತರಬೇತಿಗೆ ಕಳಿಸಿದರು.

ಆ ವಾರ ಸಮಿತಿಗೆ ಒಂದು ಸತ್ಯ ಹೊಳೆಯಿತು. ನಮ್ಮ ಆಂಜನೇಯ ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದಾನೆ. ಬಾಗಿಲು ತೆಗೆದರೆ ಅವನಿಗೆ ನೇರ ಕಾಣುವುದು ಬಾರಿನ ಕಪ್ಪು ಗಾಜು. ಲೈಸೆನ್ಸ್ ಸಿಗದಿದ್ದರೂ ಗಾಜು ಗಾಜೇ. ದೇವರ ದೃಷ್ಟಿ ಅಂಥ ಕಡೆ ಬೀಳಬಾರದು. ಎಲ್ಲರಿಗೂ ಭಕ್ತಿ ಉಕ್ಕಿತು. ಎರಡೇ ದಿನದಲ್ಲಿ ದಕ್ಷಿಣ ಬಾಗಿಲಿಗೆ ಇಟ್ಟಿಗೆ ಗೋಡೆ ಕಟ್ಟಿ, ಗಾರೆ ಮಾಡಿ, ಮೇಲೆ ಶ್ರೀರಾಮ ಅಂತ ಬರೆಸಿದರು. ಭಕ್ತರಿಗೆ ಪೂರ್ವದ ಗಲ್ಲಿಯಲ್ಲಿ ಒಂದು ಚಿಕ್ಕ ಬಾಗಿಲು.

ನಾನು ಬಂದದ್ದು ಶುಕ್ರವಾರ ಬೆಳಗ್ಗೆ. ಬ್ಯಾಗ್ ಇಳಿಸದೆ ಅಳೆದೆ. ಗಲ್ಲಿಯಿಂದ ಮೂರು ತಿರುವು ಸುತ್ತಿಕೊಂಡು ಬಂದರೆ ನೂರ ಮೂವತ್ತೊಂದು ಮೀಟರ್. ಮತ್ತೆ ಅಳೆದೆ. ಅಷ್ಟೇ.

"ಅಂದ್ರೆ?" ಅಂದರು ಅಧ್ಯಕ್ಷರು.

"ಅಂದ್ರೆ ಬಾರ್‌ಗೆ ಲೈಸೆನ್ಸ್ ಸಾರ್. ನಮ್ಮದೇ ಎರಡು ಸಾಲಿನ ಪ್ರಕಾರ."

ಅವರು ಗೋಡೆಗೆ ಒರಗಿ ಕೂತುಬಿಟ್ಟರು. ದೂರ ಅಳೆಯಲು ಅಬಕಾರಿ ಇಲಾಖೆಯ ಅಧಿಕಾರಿ ಬಂದದ್ದೂ ಅವತ್ತೇ. ಒಂಬತ್ತಕ್ಕೆ ಬರುತ್ತೇನೆ ಅಂದವರು ಹನ್ನೊಂದಕ್ಕೆ ಬಂದರು. ಚಕ್ರವಿರುವ ಅಳತೆ ಕೋಲನ್ನು ಗಲ್ಲಿಯಿಂದ ಉರುಳಿಸಿಕೊಂಡು ಹೋದರು. ನೂರ ಮೂವತ್ತೊಂದು. ಬಾರ್ ಮಾಲೀಕರು ಹಣೆ ತುಂಬ ಕುಂಕುಮ ಇಟ್ಟುಕೊಂಡು ಹಿಂದೆಯೇ ಬಂದರು.

"ಯಜಮಾನ್ರೇ, ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ" ಅಂತ ಅಧ್ಯಕ್ಷರಿಗೆ ಕೈ ಮುಗಿದರು.

ಅಮ್ಮ ಸೊಂಟದ ಮೇಲೆ ಒಂದು ಮಗು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಎಷ್ಟು ಬಂತೇ?" ಅಂದಳು. ಹೇಳಿದೆ. ಒಳಗೆ ಹೋದಳು. ಸಮಿತಿಯ ಒಬ್ಬೊಬ್ಬರನ್ನೂ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು ನನಗೆ.

"ಮುಖ್ಯ ದ್ವಾರ ಇಲ್ಲಿತ್ತು ಸಾರ್" ಅಂತ ಅಧ್ಯಕ್ಷರು ಗೋಡೆ ತೋರಿಸಿದರು.

"ಇತ್ತು ಅಂದ್ರೆ ಆಗಲ್ಲ. ಗೋಡೇನ ದ್ವಾರ ಅಂತ ಹೆಂಗೆ ಬರೀಲಿ?" ಅಧಿಕಾರಿ ವಾಚ್ ನೋಡಿಕೊಂಡರು. "ಹನ್ನೆರಡಕ್ಕೆ ನಾನು ಲಗ್ಗೆರೆಗೆ ಹೊರಡಬೇಕು. ಅಷ್ಟರಲ್ಲಿ ಇಲ್ಲಿ ಬಾಗಿಲು ಇದ್ದರೆ, ಇದೇ ಮುಖ್ಯ ದ್ವಾರ ಅಂತ ನಿಮ್ಮ ಸಮಿತಿ ಬರೆದು ಕೊಟ್ಟರೆ, ಮತ್ತೆ ಅಳೀತೀನಿ. ಇಲ್ಲಾಂದ್ರೆ ಇಷ್ಟೇ."

ಗಿರಣಿಯವರು ಓಡಿ ಹೋಗಿ ಹಾರೆ ತಂದರು. ಗುಡಿಯ ಅರ್ಚಕರು ಎರಡೂ ಕೈ ಅಗಲಿಸಿ ಗೋಡೆಗೆ ಅಡ್ಡ ನಿಂತರು.

"ಸ್ವಾಮೀ, ಶುಕ್ರವಾರ! ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ! ಹನ್ನೆರಡು ಕಳೀಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

"ಹನ್ನೆರಡು ಕಳೆದ್ರೆ ಸಾಹೇಬ್ರು ಲಗ್ಗೆರೇಲಿರ್ತಾರೆ" ಅಂದರು ಗಿರಣಿಯವರು.

ಎಲ್ಲರೂ ಅಧ್ಯಕ್ಷರನ್ನು ನೋಡಿದರು. ರಾಹುಕಾಲ ನೋಡದೆ ಗ್ಯಾಸ್ ಸಿಲಿಂಡರ್ ಕೂಡ ಬುಕ್ ಮಾಡದ ಮನುಷ್ಯ. ಅವರು ಗೋಡೆ ನೋಡಿದರು, ನಮ್ಮ ಮನೆ ನೋಡಿದರು. ಒಳಗೆ ಯಾವುದೋ ಮಗು ಅಳುತ್ತಿತ್ತು. ಪಂಚೆ ಎತ್ತಿ ಕಟ್ಟಿ ಹಾರೆಗೆ ಕೈ ಚಾಚಿದರು.

"ಅರ್ಚಕರೇ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಈ ಪಾಪ ನನ್ನ ಲೆಕ್ಕಕ್ಕೆ."

ಗಾರೆ ಇನ್ನೂ ಹಸಿ ಇತ್ತು. ಹನ್ನೊಂದು ಐವತ್ತಕ್ಕೆ ಒಬ್ಬರು ತಲೆ ಬಗ್ಗಿಸದೆ ದಾಟುವಷ್ಟು ಜಾಗ ಆಯಿತು. ಧೂಳಿನ ಆಚೆ ಆಂಜನೇಯ ಕಂಡ. ಗಿರಣಿಯವರ ಬೆನ್ನ ಮೇಲೆ ಕಾಗದ ಇಟ್ಟುಕೊಂಡು ಅಧ್ಯಕ್ಷರು 'ಇದೇ ಮುಖ್ಯ ದ್ವಾರ' ಅಂತ ಬರೆದು ಸಹಿ ಹಾಕಿದರು. ಅಧಿಕಾರಿ ಇಟ್ಟಿಗೆ ದಾಟಿಕೊಂಡು ಚಕ್ರ ಉರುಳಿಸಿದರು. ನಲವತ್ತೆರಡು. 'ಅನುಮತಿ ಇಲ್ಲ' ಅಂತ ಬರೆದು ಲಗ್ಗೆರೆಗೆ ಹೋದರು.

ಬಾರ್ ಮಾಲೀಕರಿಗೆ ನಲವತ್ತೆರಡು ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ. ಅವರು ಇನ್ನೂ ಒಡೆದ ಗೋಡೆಯನ್ನೇ ನೋಡುತ್ತಿದ್ದರು. ಎರಡೂ ಕೆನ್ನೆಗೆ ಪಟಪಟ ಹೊಡೆದುಕೊಂಡರು.

"ರಾಹುಕಾಲದಲ್ಲಿ ಗುಡಿ ಗೋಡೆ ಒಡೀತೀರಲ್ರೀ! ದೇವರು ದಿಂಡರು ಅನ್ನೋ ಭಯ ಇಲ್ವೇನ್ರೀ ನಿಮಗೆ? ಇಂಥ ಆಚಾರ ಇಲ್ಲದ ಬೀದೀಲಿ ನೀವು ಕರೆದು ಕೊಟ್ರೂ ನಾನು ಬಾರ್ ಇಡಲ್ಲ!"