ಜಾವಾ ಡಾಕ್ಟರೂ ನನ್ನ ಹೊಸ ಹಳೇ ಗಾಡಿಯೂ

"ಇನ್ನು ಮೇಲೆ ನಿಮ್ಮ ತವರು ಹಂಗಳದಲ್ಲಿ ಮೋಟರ್ ಸೈಕಲ್ ಅಂದರೆ ಈ ದೊರೆಸ್ವಾಮಿಯ ಹೆಸರೇ ಬರಬೇಕು!"

ಈ ಘೋರ ಶಪಥವನ್ನು ನಾನು ಮಾಡಿದ್ದು 1998ರಲ್ಲಿ, ಚಾಮರಾಜನಗರದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ, ಹೆಂಡತಿ ನಾಗಮಣಿಯ ಸಮಕ್ಷಮದಲ್ಲಿ. ಊರು ಜಿಲ್ಲಾ ಕೇಂದ್ರವಾಗಿ ವರ್ಷವಾಗಿತ್ತು. ಜಿಲ್ಲಾ ಕೇಂದ್ರದ ಗುಮಾಸ್ತ ಇನ್ನೂ ತಾಲ್ಲೂಕು ಕಾಲದ ಸೈಕಲ್ ತುಳಿಯುವುದು ಇಡೀ ಜಿಲ್ಲೆಗೇ ಅವಮಾನವೆಂದು ಬಗೆದು ಮೋಟರ್ ಸೈಕಲ್ ತಂದಿದ್ದೆ. ಅಂತಿಂಥದ್ದಲ್ಲ! ಹಳೇ ಕಾಲದ ಗಾಡಿಯ ವೇಷವನ್ನು ಹೊಸ ಎಂಜಿನ್ನಿಗೆ ತೊಡಿಸಿದ ಮಾಲು. ದುಂಡು ದೀಪ, ಕಡ್ಡಿ ಚಕ್ರ, ಕಡುಗೆಂಪು ಟ್ಯಾಂಕು, ಅದರ ಪಕ್ಕೆಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಾದಂಥ ಹೊಳಪು. ಒದ್ದು ಒದ್ದು ಸಾಯಬೇಕಾಗಿಲ್ಲ, ಗುಂಡಿ ಒತ್ತಿದರೆ ಸಾಕು.

ನಾಗಮಣಿ ಗಾಡಿಯನ್ನು ಒಂದು ಸುತ್ತು ಬಂದಳು. "ದೂರದಿಂದ ನೋಡಿದ್ರೆ ನಮ್ಮ ಜಾವಾ ಡಾಕ್ಟ್ರ ಗಾಡಿ ಇದ್ದಂಗೇ ಅದೆ ಕಣ್ರೀ."

"ಹತ್ತಿರದಿಂದ?"

"ಹತ್ತಿರದಿಂದ ನೀವು ಕಾಣ್ತೀರಲ್ಲ!"

ಈ ಜಾವಾ ಡಾಕ್ಟರ ನಿಜವಾದ ಹೆಸರು ಚಿಕ್ಕಬಸವಯ್ಯ. ಹಂಗಳದ ಸುತ್ತಮುತ್ತ ಮೂವತ್ತು ವರ್ಷ ದನಗಳಿಗೆ ಔಷಧಿ ಮಾಡಿ, ನಿವೃತ್ತರಾಗಿ ಗುಂಡ್ಲುಪೇಟೆಯಲ್ಲಿದ್ದರು. ಅವರ ವಾಹನ 1964ರಲ್ಲಿ ಮೈಸೂರಿನಲ್ಲೇ ತಯಾರಾದ ಕೆಂಪು ಜಾವಾ. ನನ್ನ ಹೆಂಡತಿಯ ತವರಿನಲ್ಲಿ ಆ ಗಾಡಿಯ ಸದ್ದು ಕೇಳಿದರೆ ನೋವು ತಿನ್ನುವ ಎಮ್ಮೆಯೂ ಕಿವಿ ನಿಮಿರಿಸುತ್ತಿತ್ತಂತೆ! ಮದುವೆಯಾದಾಗಿನಿಂದ ನಾನು ಈ ಜಾವಾ ಪುರಾಣವನ್ನು ಕೇಳುತ್ತಲೇ ಬಂದಿದ್ದೆ, ಗಾಡಿಯನ್ನು ಮಾತ್ರ ಕಂಡಿರಲಿಲ್ಲ.

"ಹಳೇದು ಹಳೇದೇ ಕಣೇ. ಅದರ ಅಂದ, ಇಂದಿನ ಎಂಜಿನ್ನು, ಎರಡೂ ನನ್ನದರಲ್ಲಿವೆ. ನಿಮ್ಮ ಡಾಕ್ಟರ ಗಾಡಿ ಗುಜರಿಗೆ!" ಎಂದೆ.

"ಭಾನುವಾರ ಅವ್ವನ ಮನೆಗೆ ಬರ್ತೀರಲ್ಲ, ಆಗ ಊರೇ ಹೇಳ್ತದೆ. ನಾನಂತೂ ಶನಿವಾರವೇ ಬಸ್ಸಲ್ಲಿ ಹೋಯ್ತೀನಿ. ಪೆಟ್ರೋಲ್ ಹಾಕಿಸ್ಕೊಂಡು ಬನ್ನಿ."

"ಹೊಸ ಎಂಜಿನ್ನಿಗೆ ಪೆಟ್ರೋಲಿನ ವಾಸನೆ ತೋರಿಸಿದರೂ ಸಾಕು, ಓಡುತ್ತೆ!"

ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಕನ್ನಡಕ, ಮುಖ ಮುಚ್ಚುವ ಹೆಲ್ಮೆಟ್ಟು ಧರಿಸಿ ದಂಡಯಾತ್ರೆ ಹೊರಟೆ. ತೆರಕಣಾಂಬಿಯಲ್ಲಿ ಚಹಕ್ಕೆ ನಿಲ್ಲಿಸಿದಾಗ ಏಳೆಂಟು ಜನ ಸುತ್ತ ನೆರೆದರು. ಅಭಿಮಾನಿಗಳನ್ನು ನಿರಾಸೆಗೊಳಿಸಬಾರದೆಂದು ಅರ್ಧ ಗಂಟೆ ಎಂಜಿನ್ನನ್ನು ನಿಂತಲ್ಲೇ ಗುಡುಗಿಸಿದೆ. ಗುಂಡ್ಲುಪೇಟೆಯ ಪೆಟ್ರೋಲ್ ಬಂಕನ್ನು ತಲೆಯೆತ್ತಿಕೊಂಡು ದಾಟಿದೆ.

ಹಂಗಳದ ಹೊಸ್ತಿಲಲ್ಲೇ ನನ್ನ ಕೀರ್ತಿ ನನಗಾಗಿ ಕಾದಿತ್ತು! ಅತ್ತೆಯ ಮನೆಗಿಂತ ನಾಲ್ಕು ಮನೆ ಮುಂಚೆ ಇರುವ ಸುಂದ್ರಮ್ಮ ರಸ್ತೆಗೆ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದಳು. "ಬನ್ನಿ ಸಾಮಿ, ಬನ್ನಿ! ಬತ್ತೀರೋ ಇಲ್ವೋ ಅಂತ ಜೀವ ಬಾಯಿಗೆ ಬಂದಿತ್ತು!"

ಅಬ್ಬಾ, ಅಳಿಯನ ಮೇಲೆ ಊರಿಗೆ ಇಷ್ಟು ಪ್ರೀತಿಯೇ! ಗಾಡಿ ನಿಲ್ಲಿಸಿದೆ. ಜಗುಲಿಯ ಮೇಲೆ ಬಿಸಿನೀರಿನ ಬಕೆಟ್ಟು, ಹೊಸ ಸೋಪು, ಮಡಿಸಿದ ಟವಲ್ಲು, ಬಟ್ಟಲು ತುಂಬ ಹರಳೆಣ್ಣೆ. ಎಣ್ಣೆ ಸ್ನಾನದ ಮರ್ಯಾದೆ! ಹೆಲ್ಮೆಟ್ಟಿನೊಳಗೇ ನಾನು ಉಬ್ಬಿದೆ.

"ತೋಳು ಮಡಿಸ್ಕಳಿ ಸಾಮಿ."

ಮಡಿಸಿಕೊಂಡೆ. ಆಕೆ ಭುಜದವರೆಗೆ ಎಣ್ಣೆ ಹಚ್ಚಿದಳು. ಒಂದೇ ತೋಳಿಗೆ! ಇದ್ಯಾವ ಬಗೆಯ ಸ್ನಾನ ಎಂದು ನಾನು ಯೋಚಿಸುವಷ್ಟರಲ್ಲಿ ಆಕೆ ನನ್ನನ್ನು ಎಳೆದುಕೊಂಡು ಹೋಗಿದ್ದು ಕೊಟ್ಟಿಗೆಗೆ. ಅಲ್ಲಿ ಒಂದು ಕೆಂದ ಹಸು ಮಲಗಿ ತಿಣುಕುತ್ತಿತ್ತು. ನಾಲ್ಕಾರು ಹೆಂಗಸರು ಕೈ ಮುಗಿದು ನಿಂತಿದ್ದರು.

"ಬೆಳಗಿಂದ ಒಂದೇ ಕಾಲು ಕಾಣ್ತಾ ಅದೆ. ಕೈ ಆಕಿ ಡಾಕ್ಟ್ರೇ!"

ನನ್ನ ಬೆವರು ಹರಳೆಣ್ಣೆಯೊಂದಿಗೆ ಬೆರೆಯಿತು. ಹೆಲ್ಮೆಟ್ಟು ತೆಗೆದೆ. ಹೆಂಗಸರ ನಡುವಿನಿಂದ ಒಂದು ಚಿರಪರಿಚಿತ ಧ್ವನಿ ಚೀರಿತು.

"ಅಯ್ಯೋ, ಇವ್ರು ನಮ್ಮ ಮನೆಯವ್ರು! ಇವ್ರಿಗೆ ಹಾಲು ಯಾವ ಕಡೆಯಿಂದ ಬತ್ತದೆ ಅಂತಲೂ ಗೊತ್ತಿಲ್ಲ!"

ಸುಂದ್ರಮ್ಮ ಅಲ್ಲೇ ಕುಸಿದಳು. ಆಕೆಯ ಗಂಡ ಪುಟ್ಟಮಾದು ಡಾಕ್ಟರನ್ನು ಕರೆತರಲು ಬೆಳಿಗ್ಗೆಯೇ ಗುಂಡ್ಲುಪೇಟೆಗೆ ಹೋಗಿದ್ದನಂತೆ. ಕೆಂಪು ಗಾಡಿ ಕಂಡದ್ದೇ ಡಾಕ್ಟರೇ ಬಂದರೆಂದು ನಂಬಿದ್ದಳು. "ಮನೇಲಿರೋದು ಇದೊಂದೇ ಅಸ ಕಣವ್ವಾ" ಎಂದು ಆಕೆ ಸೆರಗು ಬಾಯಿಗಿಟ್ಟುಕೊಂಡಾಗ ನನಗೆ ನಗು ಬರಲಿಲ್ಲ.

"ನಿಂತ್ಕೊಂಡು ಏನ್ ನೋಡ್ತೀರಿ? ನಿಮ್ಮ ಗಾಡೀಲಿ ಓಡಿ ಹೋಗಿ ಡಾಕ್ಟ್ರನ್ನ ಕರ್ಕೊಂಡು ಬನ್ನಿ!" ಎಂದಳು ನಾಗಮಣಿ.

ಓಡಿದೆ. ಗುಂಡಿ ಒತ್ತಿದೆ. ಕುರ್ರ್... ಮತ್ತೆ ಒತ್ತಿದೆ. ಕುರ್ರ್ ಕುರ್ರ್... ಟ್ಯಾಂಕಿನ ಪಕ್ಕೆ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಪೆಚ್ಚು ಮುಖ ಸ್ವಚ್ಛವಾಗಿ ಕಾಣುತ್ತಿತ್ತು.

ಆಗ ಕೇಳಿಸಿತು ಆ ಸದ್ದು! ರಸ್ತೆಯ ತಿರುವಿನಿಂದ ಹೊಗೆಯ ಮೋಡವೊಂದು ಹೊರಟು, ಅದರೊಳಗಿಂದ ಒಂದು ವಸ್ತು ಬಂತು. ಗಾಡಿ ಎನ್ನಲು ಧೈರ್ಯ ಬೇಕು. ಟ್ಯಾಂಕಿನ ಕೆಂಪು ಮಾಸಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಮಡ್‌ಗಾರ್ಡಿಗೆ ಯಾರದೋ ಮನೆಬಾಗಿಲಿನ ಉಳಿದ ಹಸಿರು ಬಣ್ಣ, ಸೀಟಿಗೆ ಗೋಣಿಯ ತೇಪೆ, ದೀಪದ ಗಾಜಿಗೆ ಬಿರುಕು. ಅಸಲಿ ಜಾವಾಕ್ಕಿಂತ ನನ್ನ ನಕಲಿಯೇ ಹೆಚ್ಚು ಜಾವಾದಂತಿತ್ತು! ಅದರ ಮೇಲೆ ಕಡ್ಡಿಯಂಥ ಮುದುಕರು, ಹಿಂದೆ ಚೀಲ ತಬ್ಬಿಕೊಂಡ ಪುಟ್ಟಮಾದು.

ಚಿಕ್ಕಬಸವಯ್ಯನವರು ನೇರ ಕೊಟ್ಟಿಗೆಯೊಳಗೆ ಹೋದರು. ಅಂಗಿ ಕಳಚಿ, ಕೈ ತೊಳೆದು, ಹುಲ್ಲಿನ ಮೇಲೆ ಬೋರಲು ಮಲಗಿ, ಭುಜದವರೆಗೆ ತೋಳನ್ನು ಒಳಗೆ ಇಳಿಸಿ ಕಣ್ಣು ಮುಚ್ಚಿದರು. ದೂರದಿಂದ ಯಾರೋ ಪಿಸುಗುಡುವುದನ್ನು ಆಲಿಸುವವರ ಹಾಗಿತ್ತು ಅವರ ಮುಖ.

"ಇನ್ನೊಂದು ಕಾಲು ಹಿಂದಕ್ಕೆ ಮಡಚ್ಕೊಂಡದೆ. ವಸಿ ತಡೀರಿ."

ಹಸು ಮುಕ್ಕಿ ತಿಣುಕಿದಾಗ ಅವರು ಸುಮ್ಮನಿದ್ದರು. ಅದು ಬಿಟ್ಟಾಗ ಕರುವನ್ನು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ, ಬೆರಳಗಲ ಬೆರಳಗಲವಾಗಿ ಮುಂದಕ್ಕೆ ತಂದರು. ಎರಡೂ ಕಾಲುಗಳಿಗೆ ಹಗ್ಗ ಸುತ್ತಿ ತುದಿಯನ್ನು ನನ್ನ ಕೈಗೇ ಕೊಟ್ಟರು.

"ಎಣ್ಣೆ ಹಚ್ಕೊಂಡು ರೆಡಿಯಾಗಿದ್ದೀಯಲ್ಲ, ಹಿಡಿಯಪ್ಪ. ಅವಳು ಮುಕ್ಕಿದಾಗ ಎಳಿ. ಅವಳು ಬುಟ್ರೆ ನೀನೂ ಬುಡು."

ಎಳೆದೆ. ಬಿಟ್ಟೆ. ಎಳೆದೆ. ಜಾರಿ ಬಂದ ಕರು ನನ್ನ ಇಸ್ತ್ರಿ ಅಂಗಿಯ ಮೇಲೇ ಬಿತ್ತು. ಅಲುಗಾಡಲಿಲ್ಲ! ಡಾಕ್ಟರು ಅದರ ಮೂಗು ಬಾಯಿಯ ಲೋಳೆ ಬಳಿದು, ಒಂದು ಹುಲ್ಲು ಕಡ್ಡಿಯನ್ನು ಮೂಗಿಗೆ ತುರುಕಿದರು. ಕರು ಸೀನಿತು. ಸುಂದ್ರಮ್ಮ ಗೊಳೋ ಎಂದು ಅತ್ತಳು. ನಾನೂ ಅತ್ತೆನೆಂದು ನಾಗಮಣಿ ಹೇಳುತ್ತಾಳೆ. ಅದು ಬೆವರು ಎಂದು ನನ್ನ ವಾದ.

ಹೊರಗೆ ಬಂದು ಆ ಹಳೇ ಗಾಡಿಯ ಮುಂದೆ ಭಕ್ತನಂತೆ ನಿಂತೆ. ಡಾಕ್ಟರು ಒಂದೇ ಒದೆತಕ್ಕೆ ಅದನ್ನು ಎಬ್ಬಿಸಿ, ಒದ್ದ ಅದೇ ಕಿಕ್ಕರನ್ನು ಮುಂದಕ್ಕೆ ಮಗುಚಿ ಗೇರು ಹಾಕುವ ಪೆಡಲಾಗಿಸಿದರು. ನಾನು ಬಾಯಿ ಬಿಟ್ಟೆ.

"ಮೂವತ್ತನಾಲ್ಕು ವರ್ಷ! ಒಂದು ಸಲವೂ ಕೈ ಕೊಟ್ಟಿಲ್ಲವೇ ಸಾರ್?"

"ಅಯ್ಯೋ, ವಾರಕ್ಕೊಂದ್ಸಲ ಕೈ ಕೊಡ್ತದೆ! ಅದಕ್ಕೇ ಅದರೊಳಗೆ ಏನದೆ ಅಂತ ನಂಗೊತ್ತು." ನನ್ನ ಗಾಡಿಯನ್ನು ನಿಜವಾದ ಪ್ರೀತಿಯಿಂದ ಸವರಿದರು. "ನಿಂದು ಚೆನ್ನಾಗದೆ ಕಣಪ್ಪ. ನನ್ನದು ವಯಸ್ಸಲ್ಲಿ ಹಿಂಗೇ ಇತ್ತು." ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿಯನ್ನು ಅಲ್ಲಾಡಿಸಿ ಕಿವಿಗೊಟ್ಟರು. "ಕಾಯಿಲೆ ಏನೂ ಇಲ್ಲ. ಹಸಿವು."

ನಾಗಮಣಿ ನನ್ನನ್ನು ನೋಡಿದಳು. ನಾನು ಆಕಾಶವನ್ನು ನೋಡಿದೆ. ಜಾವಾದ ಪೆಟ್ರೋಲಿಗೆ ಎಣ್ಣೆ ಬೆರೆಸಿರುವುದರಿಂದ ಅದು ನನ್ನ ಗಾಡಿಗೆ ಒಗ್ಗುವುದಿಲ್ಲವಂತೆ. ಗುಂಡ್ಲುಪೇಟೆಯ ಬಂಕಿನವರೆಗೆ ಎಳೆದೊಯ್ಯುವುದೆಂದು ತೀರ್ಮಾನವಾಯಿತು. ಪುಟ್ಟಮಾದು ನನ್ನ ಹ್ಯಾಂಡಲಿಗೆ ದನದ ಹಗ್ಗ ಬಿಗಿದ. ನನ್ನ ಧರ್ಮಪತ್ನಿ ಹಿಂದು ಮುಂದು ನೋಡದೆ ಹೋಗಿ ಜಾವಾದ ಹಿಂದಿನ ಸೀಟಿನಲ್ಲಿ ಕೂತಳು!

ಮೆರವಣಿಗೆ ಹೊರಟಾಗ ಗದ್ದಲ ಕೇಳಿ ಅತ್ತೆ ಮಲ್ಲಾಜಮ್ಮ ರಸ್ತೆಗೆ ಬಂದರು. ಬೆಳಗಿನಿಂದ ಅಳಿಯನ ದಾರಿ ಕಾಯುತ್ತಿದ್ದ ಅವರು ಎಣ್ಣೆ, ಲೋಳೆ, ಹುಲ್ಲು ಮೆತ್ತಿಕೊಂಡಿದ್ದ ನನ್ನ ಗುರುತು ಹಿಡಿಯಲಿಲ್ಲ.

"ಡಾಕ್ಟ್ರೇ, ಅದೇನ ಅಗ್ಗ ಕಟ್ಕೊಂಡು ಎಳ್ಕೊಂಡು ಓಯ್ತಾ ಇದ್ದೀರಿ?"

ಚಿಕ್ಕಬಸವಯ್ಯನವರು ತಿರುಗದೆಯೇ ಕೂಗಿದರು: "ಇವತ್ತಿಂದು ಎರಡ್ನೇ ಹೆರಿಗೆ ಕಣವ್ವಾ! ಮೊದಲ್ನೇದು ಆಗಲೇ ಎದ್ದು ನಿಂತದೆ, ಇದಕ್ಕೆ ಇನ್ನೂ ವಸಿ ಹೊತ್ತು ಬೇಕು!"