ನಾನು ಹಿಂದಿ ಅಧಿಕಾರಿಯಾದದ್ದು

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು ಆಡುವ ಸೀಮೆ ನಮ್ಮದು. ಇಂಥಲ್ಲಿ ಕೇಂದ್ರ ಸರಕಾರದ ನೌಕರಿ ಮಾಡಿದವನಿಗೆ ನಗೆಗೆ ಬರವಿಲ್ಲ. ಮಕ್ತಲ ಕಡೆಯ ಒಂದು ಅಂಚೆ ಕಚೇರಿಯಲ್ಲಿ ಇದ್ದಷ್ಟು ದಿನವೂ ನನಗೆ ಏನಾದರೊಂದು ಆಗುತ್ತಲೇ ಇತ್ತು.

೧. ನೇಮಕ

ತೆಲಂಗಾಣ ರಾಜ್ಯವಾದ ಹೊಸತು. ಬೋರ್ಡುಗಳ ಮೇಲೆ ಆಂಧ್ರಪ್ರದೇಶ ಅಳಿಸಿ ತೆಲಂಗಾಣ ಬರೆಸುವ ಗಡಿಬಿಡಿ. ಅದರ ನಡುವೆ ಮೇಲಿಂದ ಆದೇಶ ಬಂತು: ರಾಜಭಾಷೆ ಹಿಂದಿಯ ಕೆಲಸಕ್ಕೆ ಒಬ್ಬರನ್ನು ನೇಮಿಸಬೇಕು.

"ಯಾರಿಗೆ ಹಿಂದಿ ಬರ್ತೈತ್ರೀ?" ಎಂದು ಪೋಸ್ಟ್‌ಮಾಸ್ಟರು ಕೇಳಿದರಂತೆ. ಎಲ್ಲರೂ ತಲೆ ತಗ್ಗಿಸಿದರಂತೆ. ಆವತ್ತು ನಾನು ರಜೆ. ಮರುದಿನ ಕೆಲಸಕ್ಕೆ ಬಂದಾಗ ನಾನು ಹಿಂದಿ ಅಧಿಕಾರಿಯಾಗಿದ್ದೆ.

೨. ದಿನಕ್ಕೊಂದು ಪದ

ಬಾಗಿಲ ಬಳಿಯ ಕರಿಹಲಗೆಯ ಮೇಲೆ ದಿನಾ ಒಂದು ಹಿಂದಿ ಪದ ಬರೆಯಬೇಕೆಂದು ನಿಯಮ. ಮೊದಲ ದಿನ 'ವಿಲಂಬ' ಎಂದು ಬರೆದೆ. ಜನಕ್ಕೂ ತಿಳಿಯಲಿ ಎಂದು ಕೆಳಗೆ ತೆಲುಗು ಲಿಪಿಯಲ್ಲೂ ಬರೆದೆ.

ಹನ್ನೊಂದಾದರೂ ಒಬ್ಬರೂ ಒಳಗೆ ಬರಲಿಲ್ಲ. ಹೊರಗೆ ನೋಡಿದರೆ ಬೇವಿನ ಗಿಡದ ಕೆಳಗೆ ಜಾತ್ರೆ ಕೂತಿದೆ.

"ಯಾಕ್ರೀ, ಒಳಗ ಬರ್ರಿ."

"ಇವತ್ತು ತಡ ಆಗ್ತೈತಿ ಅಂತ ನೀವೇ ಬರ್ದೀರಲ್ರೀ!"

ಮರುದಿನ ಹುಷಾರಾಗಿ 'ಸ್ವಾಗತ' ಎಂದು ಬರೆದೆ. ಮೂವರು ಬಂದು ಚಹಾ ಕೇಳಿದರು.

೩. ತಪಾಸಣೆ

ಗದ್ವಾಲದಲ್ಲಿ ಎಂಟು ವರ್ಷ ಇದ್ದು, ಕಂಡಕಂಡವರ ಕೈಕಾಲು ಹಿಡಿದು, ಆಗಷ್ಟೇ ನನ್ನೂರ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡಿದ್ದೆ. ಉತ್ತರದ ಕಡೆಯಿಂದ ಹಿಂದಿ ತಪಾಸಣೆಗೆ ಬಂದ ಅಧಿಕಾರಿ ನನ್ನ ಕಡತ ತಿರುವಿ, "ಇಲ್ಲಿ ಹಿಂದಿಯೇ ಇಲ್ಲ. ಇವರನ್ನು ಒಂದು ವರ್ಷ ದಿಲ್ಲಿಗೆ ತರಬೇತಿಗೆ ಕಳಿಸಬೇಕು" ಎಂದು ವರದಿಯಲ್ಲಿ ಬರೆದೇಬಿಟ್ಟರು.

ಅಷ್ಟರಲ್ಲಿ ಮಾಗನೂರಿನ ಬಳೆ ಮಾರುವ ಮುದುಕಿಯೊಬ್ಬಳು ಬಂದಳು. "ತಮ್ಮಾ, ಮಗಳಿಗೆ ಸೀರಿ ಕಳಸಾಕ ಬಂದೀನಿ" ಎಂದು ನನಗೆ ಕನ್ನಡದಲ್ಲಿ ಹೇಳಿದಳು. ಪಕ್ಕದ ಗುಮಾಸ್ತನಿಗೆ ತೆಲುಗಿನಲ್ಲಿ ಅಂಟು ಕೇಳಿದಳು. ದಾರಿಗೆ ಅಡ್ಡ ಕೂತಿದ್ದ ಅಧಿಕಾರಿಗೆ, "ಜರಾ ಸರ್ಕೋ ಸಾಬ್" ಎಂದಳು.

ಅಧಿಕಾರಿ ಸರಿದು ಕೂತು, "ಇಷ್ಟೆಲ್ಲ ಭಾಷೆ ಎಲ್ಲಿ ಕಲಿತಿರಿ?" ಎಂದು ಹಿಂದಿಯಲ್ಲಿ ಕೇಳಿದರು.

ತಾನು ಸಾಲಿ ಮೆಟ್ಟಿಲೇ ಹತ್ತಿಲ್ಲ, ಕೈ ನೋಡಿ ಬಳೆ ತೊಡಿಸುತ್ತೇನೆ, ಬಾಯಿ ನೋಡಿ ಮಾತಾಡುತ್ತೇನೆ ಎಂದು ಆಕೆ ದಖ್ಖನಿಯಲ್ಲೇ ಉತ್ತರ ಕೊಟ್ಟಳು. ನಮ್ಮ ಸೀಮೆಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

"ನಿಮಗೆಷ್ಟು ಬರುತ್ತವೆ?" ಎಂದು ಆಕೆ ತಿರುಗಿ ಕೇಳಿದಳು.

"ಮಾತಾಡಲು ಒಂದೇ, ಅಮ್ಮಾ."

ಮುದುಕಿ ನನ್ನ ಕಡೆ ಬಾಗಿ ಕನ್ನಡದಲ್ಲಿ, "ಅಯ್ಯ ಪಾಪ, ಒಂದೇ ಅಂತ! ತಮ್ಮಾ, ಇವರ್ನ ಆರು ತಿಂಗಳು ನಮ್ಮ ಮಾಗನೂರಾಗ ಬಿಡು, ಸುಧಾರಸ್ತಾರ" ಎಂದಳು.

"ಏನಂದರು?" ಎಂದರು ಅಧಿಕಾರಿ.

"ನಿಮ್ಮ ಹಿಂದಿ ಅಮ್ಮನಿಗೆ ಬಹಳ ಹಿಡಿಸಿತಂತೆ, ಸಾರ್" ಎಂದು ನಾನು ಅಚ್ಚ ಹಿಂದಿಯಲ್ಲಿ ತಿಳಿಸಿದೆ.

ಅಧಿಕಾರಿ ತರಬೇತಿಯ ಸಾಲು ಹೊಡೆದುಹಾಕಿ ಬರೆದರು: "ಅನುವಾದ ಕಾರ್ಯ ಅತ್ಯುತ್ತಮ."