ಮಾವನ ಬಾಯಿತಾಳ

ನಮ್ಮ ಸೋದರಮಾವನಿಗೆ ಮಾತು ಬರುತ್ತಿತ್ತು. ಆದರೆ ಮಾತಿನ ಮೇಲೆ ಅವರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ!

ಅವರು ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುವವರು. ಮದ್ದಳೆಯ ಪೆಟ್ಟುಗಳನ್ನು ಬಾಯಲ್ಲಿ ಹೇಳುವುದಕ್ಕೆ ಬಾಯಿತಾಳ ಎನ್ನುತ್ತಾರೆ. ಬೇರೆಯವರು ಅದನ್ನು ಶಿಷ್ಯರಿಗೆ ಪಾಠ ಹೇಳಲು ಬಳಸಿದರೆ ನಮ್ಮ ಮಾವ ಅದರಲ್ಲೇ ದಿನ ಕಳೆಯುತ್ತಿದ್ದರು. ಗಂಜಿ ಬೇಕಾದರೆ ‘ತಕಿಟ’. ಗಂಜಿಗೆ ಉಪ್ಪು ಸಾಲದಿದ್ದರೆ ‘ತಕಿಟ ತಕಿಟ’. ನಾನು ಎದುರಾಡಿದರೆ ‘ತರಿಕಿಟ’, ಜೊತೆಗೆ ತಲೆಯ ಮೇಲೊಂದು ಪೆಟ್ಟು!

“ಬಾಯಿಬಿಟ್ಟು ಹೇಳಿದರೆ ನಾಲಗೆ ಸವೀತದಾ ಅಣ್ಣ?” ಎಂದು ಅಮ್ಮ ರೇಗುತ್ತಿದ್ದಳು.

“ಹೇಳಿದೆನಲ್ಲ! ನಿನ್ನ ಕಿವಿಗೆ ಲಯ ಇಲ್ಲ, ನಾನೇನು ಮಾಡುವುದು?”

ಲೋಕದಲ್ಲಿ ಇರುವುದೆಲ್ಲ ಅಕ್ಷರಗಳ ಪೆಟ್ಟು ಮಾತ್ರ, ಅರ್ಥವೆಂಬುದು ಓದಿದವರು ಆಮೇಲೆ ಮಾಡಿದ ಕಲಬೆರಕೆ ಎಂಬುದು ಅವರ ಸಿದ್ಧಾಂತ. ಇಂಥವರನ್ನು ಕಟ್ಟಿಕೊಂಡು ಊರೂರು ತಿರುಗಿದರೆ ಹೇಗಿರುತ್ತದೆ? ಒಮ್ಮೆ ಅವರ ಮೇಳದ ಆಟಕ್ಕೆಂದು ಅವರ ಜೊತೆಯಲ್ಲೇ ಮೂಡಬಿದ್ರೆಯಿಂದ ಶಿರ್ತಾಡಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಆಗ ಕಂಡಕ್ಟರ್ ಬಸ್ಸಿನ ತಗಡಿಗೆ ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೋಗು ಎಂದು ಅರ್ಥ. ಕಿಟಕಿಯ ಪಕ್ಕ ಕೂತ ಮಾವನಿಗೆ ತಾಳ ಮುಗಿಸುವ ಹೊಸ ಮುಕ್ತಾಯವೊಂದು ಹೊಳೆದುಬಿಟ್ಟಿತು. ಕೈ ಹೊರಗೆ ಹಾಕಿ ತಗಡಿನ ಮೇಲೆ ಬಾರಿಸತೊಡಗಿದರು. ಬಸ್ಸು ನಿಂತಿತು, ಹೊರಟಿತು, ನಿಂತಿತು, ಹೊರಟಿತು! ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಬುಟ್ಟಿಯ ಒಣಮೀನು ನನ್ನ ಮಡಿಲಿಗೆ ಬಿತ್ತು.

“ಕೈ ಒಳಗೆ ಇಡಿ ಮಾರಾಯ್ರೆ!” ಕಂಡಕ್ಟರ್ ಬೊಬ್ಬೆ ಹೊಡೆದ.

“ನಿನ್ನ ಡ್ರೈವರಿಗೆ ಮುಕ್ತಾಯ ಗೊತ್ತಾಗುವುದಿಲ್ಲ. ಅವನನ್ನು ಮೊದಲು ಕಲಿಯಲಿಕ್ಕೆ ಕಳಿಸು,” ಎಂದರು ಮಾವ.

ನಾನು ಬಿ.ಎ. ಪಾಸಾದೆ. ನಮ್ಮ ಕುಟುಂಬದಲ್ಲಿ ಅದುವರೆಗೆ ಹೈಸ್ಕೂಲಿನ ಮೆಟ್ಟಿಲನ್ನೂ ಯಾರೂ ಹತ್ತಿರಲಿಲ್ಲ. ಮಂಗಳೂರಿನ ಹೋಟೆಲೊಂದರಲ್ಲಿ ಲೋಟ ತೊಳೆದು, ಅಲ್ಲೇ ಅಡುಗೆಮನೆಯ ಮೂಲೆಯಲ್ಲಿ ಓದಿ ಗಳಿಸಿದ ಪದವಿ ಅದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸುದ್ದಿ ತಂದು ಮಾವನ ಕಾಲಿಗೆ ಬಿದ್ದೆ. ಅವರು ತೊಡೆಯ ಮೇಲೆ ಬೆರಳು ಬಡಿದು ನೋಡಿದರು. “ಬಿ... ಎ... ಇಷ್ಟು ವರ್ಷ ಓದಿ ಎರಡೇ ಅಕ್ಷರವಾ ಮಾರಾಯ?”

ತಂಗಿಗೆ ವೇಣೂರಿನ ಸಂಬಂಧ ಬಂದಾಗಲೂ ಅವರು ಹುಡುಗನ ಗದ್ದೆ ಎಷ್ಟು, ಗುಣ ಹೇಗೆ ಎಂದು ಕೇಳಲಿಲ್ಲ. ‘ವೇಣೂರು, ಧೀಂ ಧೀಂ ತ’ ಎಂದು ಬಾರಿಸಿ, “ಕೊನೆಗೆ ಒಂದು ಪೆಟ್ಟು ಕಮ್ಮಿ ಬೀಳ್ತದೆ” ಎಂದು ಮುಖ ಹುಳಿ ಮಾಡಿದರು. ತಂಗಿಗೆ ಹುಡುಗ ಇಷ್ಟವಾಗಿದ್ದ. ಮಾವನ ಮದ್ದಳೆಯ ಪಕ್ಕದಲ್ಲೇ ಬೆಳೆದವಳು ಬಿಟ್ಟಾಳೆಯೇ? “ನಮ್ಮ ಬಂಟ್ವಾಳವೂ ಧೀಂ ಧೀಂ ತವೇ ಅಲ್ವಾ ಮಾವ?” ಎಂದಳು. ಮಾವ ಬಾರಿಸಿ ನೋಡಿದರು. ಮತ್ತೊಮ್ಮೆ ಬಾರಿಸಿದರು. “ಹಾಗಾದರೆ ಜೋಡಿ ಸರಿ ಉಂಟು!”

ಇಷ್ಟು ಸುಲಭವಾಗಿ ಎಲ್ಲ ಮುಗಿಯಬೇಕಿತ್ತು. ಆದರೆ ನಿಶ್ಚಯಕ್ಕೆ ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ ಮಾವ ಬಾವಿಕಟ್ಟೆಯ ಬಳಿ ಕುಸಿದುಬಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ನಿಂತಿತು. ವಿಚಿತ್ರವೆಂದರೆ, ಬಾಯಿತಾಳ ಮಾತ್ರ ಮೊದಲಿನಷ್ಟೇ ಸ್ಪಷ್ಟ! ನೀರು ಎನ್ನಲಾಗದ ಬಾಯಿಂದ ‘ತಕಿಟ’ ಲೀಲಾಜಾಲವಾಗಿ ಬರುತ್ತಿತ್ತು.

ನಮ್ಮಲ್ಲಿ ಹುಡುಗಿಯನ್ನು ಕೊಡುವ ಹಕ್ಕು ಸೋದರಮಾವನದು. ಎರಡೂ ಕಡೆಯವರ ಎದುರು ಅವನು ಬಾಯಿಬಿಟ್ಟು ‘ಕೊರಿಯೆ’ ಎನ್ನಬೇಕು. ತುಳುವಿನಲ್ಲಿ ‘ಕೊಟ್ಟೆ’ ಎಂದು. ಆಮೇಲೆಯೇ ವೀಳ್ಯ. ನಾನು ಹಗಲೆಲ್ಲ ಎದುರು ಕೂತು “ಕೊರಿಯೆ ಹೇಳಿ ಮಾವ, ಕೊ...” ಎಂದು ಮಗ್ಗಿಯ ಹಾಗೆ ಉರುಹೊಡೆಸಿದೆ. ಮಾವನ ಹಣೆಯಲ್ಲಿ ಬೆವರು ಬರುತ್ತಿತ್ತೇ ಹೊರತು ಮಾತು ಬರಲಿಲ್ಲ. ಅಮ್ಮ ಊಟ ಬಿಟ್ಟಳು. ಈ ಸಂಬಂಧ ಮುರಿದರೆ, ‘ನಿಶ್ಚಯದ ಹೊತ್ತಿಗೆ ಮಾವನ ಬಾಯಿ ಕಟ್ಟಿಸಿದ ಹುಡುಗಿ’ ಎಂಬ ಹೆಸರು ಬೆಳ್ತಂಗಡಿಯವರೆಗೂ ಹೋಗುತ್ತದೆ. ಮತ್ತೆ ಯಾರು ಬರುತ್ತಾರೆ?

ವೇಣೂರಿನವರು ಬಂದರು. ಹುಡುಗನ ಕಡೆಯ ಯಜಮಾನರು ಗಟ್ಟಿ ಮನುಷ್ಯ. ನಗುವುದಕ್ಕೂ ಮುಹೂರ್ತ ಕೇಳುವವರ ಹಾಗೆ ಕೂತಿದ್ದರು. ನಾನು ಎದ್ದು ನಿಂತು, ಕಾಲೇಜಿನ ಕನ್ನಡದಲ್ಲಿ, “ಮಾನ್ಯರೇ, ಮಾವನವರ ಅಸ್ವಸ್ಥತೆಯ ನಿಮಿತ್ತ ಅವರ ಪರವಾಗಿ ನಾನು...” ಎಂದು ಶುರುಮಾಡಿದೆ.

“ಕೂತುಕೊಳ್ಳಿ ತಮ್ಮಾ,” ಎಂದರು ಯಜಮಾನರು. “ನೀವು ಕಲಿತವರು, ಸಂತೋಷ. ಆದರೆ ಮಾವನ ಬಾಯಿಂದ ಬರಬೇಕು. ಅವರಿಗೆ ಮನಸ್ಸಿರಲಿಲ್ಲ, ಇವರೇ ಸೇರಿ ಮಾಡಿದ್ದು ಅಂತ ನಾಳೆ ಯಾರಾದರೂ ಹೇಳಿದರೆ ಈ ಹುಡುಗಿ ಎಲ್ಲಿ ಮುಖ ತೋರಿಸುವುದು?”

ತಪ್ಪು ಹುಡುಕಲು ಆ ಮಾತಿನಲ್ಲಿ ಏನೂ ಇರಲಿಲ್ಲ. ಅದೇ ಕಷ್ಟ! ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಬಾಯಿ ತೆರೆದರು. ಕುತ್ತಿಗೆಯ ನರ ಉಬ್ಬಿತು.

“ತಕಿಟ,” ಎಂದರು.

ಹುಡುಗನ ಕಡೆಯ ಯಾರೋ ಕೆಮ್ಮಿದರು. ಯಜಮಾನರು ಹೆಗಲಿನ ಶಾಲು ಸರಿಮಾಡಿಕೊಂಡರು, ಏಳುವವರ ಹಾಗೆ. ನನ್ನ ಬಿ.ಎ. ನನ್ನ ಗಂಟಲಲ್ಲೇ ಒಣಗಿತು.

ಆಗ ಒಳಗಿನ ಬಾಗಿಲಿನಿಂದ ತಂಗಿ ಹೊರಗೆ ಬಂದಳು. ಹೆಣ್ಣು ನಿಶ್ಚಯದ ನಡುವೆ ಚಾವಡಿಗೆ ಬರುವುದುಂಟೇ? ಅಮ್ಮ “ಏ, ಏ!” ಎಂದು ಸೆರಗು ಎಳೆದರೂ ಕೇಳಲಿಲ್ಲ. ನೇರ ಬಂದು ಮಾವನ ಪಕ್ಕ ಕೂತು, ಅವರ ಎಡಗೈಯ ಮೇಲೆ ಬೆರಳಿನಿಂದ ಬಡಿಯತೊಡಗಿದಳು. ಮೂರು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಮೂರು ಪೆಟ್ಟು.

“ತಕಿಟ,” ಎಂದರು ಮಾವ.

“ತಕಿಟ,” ಎಂದಳು ಅವಳು. ಬೆರಳು ನಿಲ್ಲಿಸಲಿಲ್ಲ. “ತಕಿಟ. ತಕಿಟ. ಕೊರಿಯೆ.”

ಮಾವ ಅವಳನ್ನೇ ನೋಡಿದರು. ಅದೇ ಮೂರು ಅಕ್ಷರದ ಅಳತೆ. ಅದೇ ಪೆಟ್ಟು. ಹೊರಗೆ ತೆಂಗಿನ ಮಡಲು ಬಿದ್ದ ಸದ್ದಿಗೆ ನಾವೆಲ್ಲ ಬೆಚ್ಚಿದೆವು, ಅವರಿಬ್ಬರು ಬೆಚ್ಚಲಿಲ್ಲ.

“ತಕಿಟ... ತಕಿಟ... ಕೊ-ರಿ-ಯೆ.”

ಚಾವಡಿಯಲ್ಲಿ ಉಸಿರು ಬಿಟ್ಟ ಸದ್ದು ಹರಡಿತು. ಯಜಮಾನರು ವೀಳ್ಯದ ಹರಿವಾಣ ಮುಂದಕ್ಕೆ ತಳ್ಳಿ, “ಇಷ್ಟು ಲಯದಲ್ಲಿ ಹೆಣ್ಣು ಕೊಟ್ಟವರನ್ನು ನಾನು ನೋಡಿಲ್ಲ ಮಾರಾಯ್ರೆ!” ಎಂದರು. ಅಮ್ಮ ಅಳುತ್ತಲೇ ವೀಳ್ಯ ಹಂಚಿದಳು.

ಅಲ್ಲಿಂದ ಹೊಸ ಪೀಕಲಾಟ ಶುರುವಾಯಿತು. ಮಾವನ ಹತ್ತಿರ ಇದ್ದದ್ದು ಅದೊಂದೇ ಮಾತು. ಅದನ್ನೇ ಎಲ್ಲದಕ್ಕೂ ಬಳಸಿದರು. ಗಂಜಿ ಬೇಕಾದರೆ “ಕೊರಿಯೆ!” ನೊಣ ಓಡಿಸಲು “ಕೊರಿಯೆ!” ಮದ್ದು ಕೊಡಲು ಬಂದ ಪಂಡಿತರಿಗೂ “ಕೊರಿಯೆ!” ಅವರು ಗಾಬರಿಯಿಂದ, “ನನಗೆ ಈಗಾಗಲೇ ಮದುವೆ ಆಗಿ ಮಕ್ಕಳಿದ್ದಾರೆ” ಎಂದರು! ತಂಗಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಇನ್ನು ಧಾರೆಯ ಹೊತ್ತಿಗೆ ಭಯವಿಲ್ಲ, ಅಲ್ಲಿಯೂ ಹೇಳಬೇಕಾದದ್ದು ಇದೇ ಮಾತು, ಮಾವ ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದಾರೆ ಎಂದು ನಾನು ನೆಮ್ಮದಿಯಿಂದಿದ್ದೆ.

ಮದುವೆಯ ದಿನ ಬಂತು. ಹುಡುಗ ಹುಡುಗಿಯ ಬಲಗೈಗಳನ್ನು ಒಟ್ಟುಸೇರಿಸಿದರು. ಧಾರೆಯ ಗಿಂಡಿಯನ್ನು ವೇಣೂರಿನ ಯಜಮಾನರು ಎತ್ತಿ ಹಿಡಿದರು. ಎಲ್ಲರೂ ಮಾವನ ಬಾಯಿ ನೋಡಿದರು.

ಮಾವ ಬಾಯಿ ಮುಚ್ಚಿ ಕೂತಿದ್ದರು.

“ಹೇಳಿ ಮಾವ,” ಎಂದೆ. ಮುಹೂರ್ತ ಜಾರುತ್ತಿತ್ತು. “ಬೆಳಗ್ಗೆಯಿಂದ ಹೇಳ್ತಾನೇ ಇದ್ದಿರಲ್ಲ!” ಅವರು ತಲೆ ಅಲ್ಲಾಡಿಸಿದರು. ಮಾತು ಬಾರದೆ ಅಲ್ಲ. ಆ ಮೂರು ಅಕ್ಷರಕ್ಕೆ ಇಂದು ಅರ್ಥ ಬಂದುಬಿಟ್ಟಿತ್ತು, ಅದು ನನಗೂ ಗೊತ್ತಾಯಿತು.

ತಂಗಿ ಬಿಡುವಾಗಿದ್ದ ಕೈಯನ್ನು ಚಾಚಿ, ಮಾವನ ಎಡಗೈಯ ಮೇಲೆ ಮೆಲ್ಲಗೆ ಬಡಿದಳು. ಮೂರು ಪೆಟ್ಟು. ಮತ್ತೆ ಮೂರು ಪೆಟ್ಟು ಬೀಳುವ ಮೊದಲೇ ಮಾವ ಅವಳ ಬೆರಳುಗಳನ್ನು ಮುಷ್ಟಿಯೊಳಗೆ ಹಿಡಿದು, ಅಲ್ಲಾಡದ ಹಾಗೆ ಗಟ್ಟಿ ಮಾಡಿಕೊಂಡರು.

ನಾನು ಆತಂಕದಿಂದ ಯಜಮಾನರ ಕಡೆ ನೋಡಿದೆ. ಅವರು ಗಿಂಡಿಯನ್ನು ನಿಧಾನಕ್ಕೆ ಕೆಳಗಿಟ್ಟರು.

“ಇರಲಿ ತಮ್ಮಾ,” ಎಂದರು. “ಕಾಯುವ.”